ಐವತ್ತು ವರ್ಷದ ಇಟಾಲಿಯನ್ ರೇಸಿಂಗ್ ಸೈಕಲ್ ಸಾಕುವ ಬಗೆ

ಧಾರವಾಡದಲ್ಲಿ ನಮ್ಮ ಓಣಿಯ ಸೈಕಲ್ ಅಂಗಡಿಯ ಕಾಕಾ ನಲವತ್ತು ವರ್ಷಗಳಿಂದ ಅದೇ ಕೆಲಸದಲ್ಲಿದ್ದಾರೆ. ನನ್ನ ಸೈಕಲ್ಲನ್ನು ಮೊದಲ ಸಲ ಅವರ ಮುಂದೆ ನಿಲ್ಲಿಸಿದಾಗ ಎರಡೂ ಬದಿಯ ಕ್ರ್ಯಾಂಕ್ (ಪೆಡಲಿನ ತೋಳು) ಕಳಚಿಟ್ಟು, ನಡುವಿನ ಅಚ್ಚನ್ನು ಹಿಡಿದಿರುವ ಬಟ್ಟಲಿನಂಥ ಬಲಬದಿಯ ಕಪ್ಪಿಗೆ ದೊಡ್ಡ ಪಾನಾ ಸಿಕ್ಕಿಸಿ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಮೈಭಾರ ಹಾಕಿದರು. ನಾನು ಕೈ ಅಡ್ಡ ಹಿಡಿದೆ.

"ತಮ್ಮಾ, ಬಲಗಡೆಯ ಕಪ್ಪು ಹೀಗೆ ತಿರುಗಿಸಿದರೇ ಬಿಚ್ಚುತ್ತದೆ. ನಾನು ಎಷ್ಟು ಬಿಚ್ಚಿಲ್ಲ?" ಎಂದರು.

"ಕಾಕಾ, ಇದು ಇಟಲಿಯದು. ಎರಡೂ ಕಡೆಯ ಥ್ರೆಡ್ಡು ಒಂದೇ ದಿಕ್ಕಿಗಿದೆ" ಎಂದೆ.

ಕಾಕಾ ಹೇಳಿದ್ದು ಸುಳ್ಳಲ್ಲ. ನಮ್ಮ ಸೈಕಲ್ಲುಗಳು ಬ್ರಿಟಿಷ್ ಪದ್ಧತಿಯಲ್ಲಿ ಬೆಳೆದವು. ಅಲ್ಲಿ ಬಲಗಡೆಯ ಕಪ್ಪಿಗೆ ಎಡಗೈ ಥ್ರೆಡ್ಡು ಇರುತ್ತದೆ, ಅಂದರೆ ಗಡಿಯಾರದ ಮುಳ್ಳಿನ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಇಟಲಿಯವರು ಎರಡೂ ಕಡೆ ಬಲಗೈ ಥ್ರೆಡ್ಡನ್ನೇ ಕೊರೆದರು. ಕಾಕಾ ಇನ್ನೊಂದು ಸುತ್ತು ಒತ್ತಿದ್ದರೆ ಐವತ್ತು ವರ್ಷ ಬಾಳಿದ ಥ್ರೆಡ್ಡು ಹರಿದುಹೋಗುತ್ತಿತ್ತು. ಅವರು ಪಾನಾ ಕೆಳಗಿಟ್ಟು, ಕಪ್ಪಿನ ಪಕ್ಕ ಸೀಮೆಸುಣ್ಣದಿಂದ ಬಾಣದ ಗುರುತು ಎಳೆದುಕೊಂಡರು. ಆಮೇಲೆ ಅವರು ಮಾಡಿದಷ್ಟು ಚೊಕ್ಕ ಕೆಲಸವನ್ನು ನಾನು ಮಿಲಾನಿನಲ್ಲೂ ಕಂಡಿಲ್ಲ.

ಇಂಥ ಸೈಕಲ್ಲು ರಸ್ತೆಯ ಹೊಡೆತಕ್ಕೆ ಹೆದರುವುದಿಲ್ಲ. ಅದನ್ನು ಕೆಡಿಸುವುದು ಅಳತೆ ತಿಳಿಯದ ಬಲ. ಆದ್ದರಿಂದ ಈ ಬರಹದಲ್ಲಿ ತುಳಿಯುವುದಕ್ಕಿಂತ ಬಿಚ್ಚುವ ವಿಷಯ ಹೆಚ್ಚು ಇದೆ.

ಕೊಳ್ಳುವ ಮೊದಲು ಬೆರಳಿನಿಂದ ನೋಡಿ

ನನ್ನದು 1970ರ ದಶಕದ ನಡುವಿನ ದೆ ರೋಸಾ. ಉಗೊ ದೆ ರೋಸಾ ಮಿಲಾನಿನ ಪಕ್ಕದ ಕುಸಾನೊ ಮಿಲಾನಿನೊದಲ್ಲಿ ಕೈಯಾರೆ ಚೌಕಟ್ಟು ಬೆಸೆಯುತ್ತಿದ್ದವರು. ಬೆಲ್ಜಿಯಂನ ಹೆಸರಾಂತ ರೇಸ್ ಸವಾರ ಎಡಿ ಮರ್ಕ್ಸ್ ಇದ್ದ ಮೊಲ್ಟೆನಿ ತಂಡಕ್ಕೆ ಆ ದಶಕದಲ್ಲಿ ಸೈಕಲ್ ಮಾಡಿಕೊಟ್ಟವರು. ಕೊಲ್ನಾಗೊ, ಮಾಸಿ, ಚಿನೆಲ್ಲಿ, ಬಿಯಾಂಕಿ, ಪಿನಾರೆಲ್ಲೊ ಹೀಗೆ ಉತ್ತರ ಇಟಲಿಯ ಹೆಸರುಗಳು ಬಹಳ ಇವೆ. ಮುಂದೆ ಹೇಳುವ ಪರೀಕ್ಷೆ ಎಲ್ಲಕ್ಕೂ ಒಂದೇ.

ಬಣ್ಣ ಮತ್ತು ಹೆಸರಿನ ಅಂಟುಚೀಟಿಯನ್ನು ಕೊನೆಗೆ ನೋಡಿ. ಅವೆರಡನ್ನೂ ಯಾರು ಬೇಕಾದರೂ ಹೊಸದಾಗಿ ಹಾಕಬಹುದು. ಮೊದಲು ಹ್ಯಾಂಡಲಿನ ಕೆಳಗೆ, ಮೇಲಿನ ಕೊಳವೆ ಮತ್ತು ಓರೆ ಕೊಳವೆ ಎರಡೂ ತಲೆಯ ಕೊಳವೆಗೆ ಸೇರುವ ಜಾಗದ ಹಿಂದೆ, ಕಣ್ಣು ಮುಚ್ಚಿ ಬೆರಳ ತುದಿ ಸವರಿ. ಸೈಕಲ್ಲು ಎಂದಾದರೂ ಎದುರಿನಿಂದ ಗುದ್ದಿಕೊಂಡಿದ್ದರೆ ಅಲ್ಲಿ ಸಣ್ಣ ಉಬ್ಬು ಸಿಗುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ. ಉಬ್ಬು ಸಿಕ್ಕರೆ ಹೆಸರು ಎಷ್ಟೇ ದೊಡ್ಡದಿರಲಿ, ಬಿಟ್ಟು ಬನ್ನಿ.

ಎರಡನೆಯದು ದಾರದ ಪರೀಕ್ಷೆ. ಹಿಂದಿನ ಚಕ್ರ ಕಳಚಿ, ಒಂದು ಬದಿಯಲ್ಲಿ ಚಕ್ರದ ಅಚ್ಚು ಕೂರುವ ಸೀಳಿಗೆ, ಅಂದರೆ ಡ್ರಾಪ್‌ಔಟಿಗೆ ದಾರ ಕಟ್ಟಿ, ಅದನ್ನು ತಲೆಯ ಕೊಳವೆಯ ಸುತ್ತ ಬಳಸಿ ತಂದು ಇನ್ನೊಂದು ಬದಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಕಡೆಯ ದಾರಕ್ಕೆ ಇರುವ ದೂರ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚಾದರೆ ಚೌಕಟ್ಟು ಸೊಟ್ಟಗಾಗಿದೆ.

ಮೂರನೆಯದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಮುಂದಿನ ಫೋರ್ಕನ್ನು ಕಳಚಲು ಮಾರುವವರು ಒಪ್ಪಿದರೆ, ಅದರ ಕೊಳವೆಯೊಳಗೆ ಕೆಳತುದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಮಿಲಾನಿನ ಕೊಲುಂಬಸ್ ಕಂಪನಿಯ ಕೊಳವೆಯಾದರೆ ಸುರುಳಿಯಾಗಿ ಏರುವ ಐದು ಏಣುಗಳು ಕಾಣುತ್ತವೆ. ಪಾರಿವಾಳದ ಚಿತ್ರವಿರುವ ಕೊಲುಂಬಸ್ ಅಂಟುಚೀಟಿಯನ್ನು ಹೊಸದಾಗಿ ಅಚ್ಚು ಹಾಕಿಸಿ ಹಚ್ಚಬಹುದು, ಈ ಏಣುಗಳನ್ನು ಹಚ್ಚಲಾಗದು. ಸೀಟುಗಂಬದ ದಪ್ಪವೂ ಸಾಕ್ಷಿ ಹೇಳುತ್ತದೆ. ಕೊಲುಂಬಸ್ಸಿನ ಹಗುರವಾದ ಎಸ್.ಎಲ್. ಮಾದರಿಯ ಕೊಳವೆಯ ಚೌಕಟ್ಟಿಗೆ ಸಾಮಾನ್ಯವಾಗಿ 27.2 ಮಿ.ಮೀ. ಗಂಬ ಬೇಕು. ಅಲ್ಲಿ 26 ಮಿ.ಮೀ. ಆಸುಪಾಸಿನ ಗಂಬ ಸಡಿಲವಿಲ್ಲದೆ ಕೂತಿದ್ದರೆ ಕೊಳವೆ ಅಗ್ಗದ್ದಿರಬಹುದು, ಇಲ್ಲವೇ ಆ ಕೊಳವೆಯ ಕುತ್ತಿಗೆಯನ್ನು ಯಾರೋ ಹಿಂಡಿರಬಹುದು.

ಇಸವಿ ತಿಳಿಯಲು ಚೌಕಟ್ಟಿನ ಸಂಖ್ಯೆಯನ್ನು ನಂಬಬೇಡಿ. ಆ ಕಾಲದ ಅನೇಕ ಇಟಾಲಿಯನ್ ಕುಶಲಕರ್ಮಿಗಳು ಅಳತೆಯನ್ನಷ್ಟೇ ಕೆತ್ತಿ ಸುಮ್ಮನಾಗುತ್ತಿದ್ದರು. ಆದರೆ ಬಿಡಿಭಾಗಗಳು ಮಾತನಾಡುತ್ತವೆ. ಇಟಲಿಯ ಬಿಡಿಭಾಗ ಕಂಪನಿ ಕಾಂಪಾನ್ಯೋಲೊದ ನುವೊವೊ ರೆಕಾರ್ಡ್ ಮಾದರಿಯ ಡಿರೇಲರಿನ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮೈಮೇಲೆ ಪೇಟೆಂಟ್ ಎಂಬ ಪದದ ಪಕ್ಕ 74 ಅಥವಾ 76 ಎಂದು ಎರಡಂಕಿ ಇರುತ್ತದೆ. ಅದು ತಯಾರಾದ ವರ್ಷ. ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನ ಲಾಕ್‌ನಟ್ಟಿನ ಮೇಲೂ ಅಂಕಿ ಸಿಗಬಹುದು. ಎರಡೂ ಹತ್ತಿರ ಹತ್ತಿರ ಇದ್ದರೆ ಸೈಕಲ್ಲಿನ ಭಾಗಗಳು ಹುಟ್ಟಿನಿಂದಲೇ ಜೊತೆಗಿವೆ ಎಂದು ಧೈರ್ಯವಾಗಿ ಹೇಳಬಹುದು.

ಅಳತೆಯ ವಿಷಯದಲ್ಲಿ ಒಂದೇ ಎಚ್ಚರ. ಇಟಲಿಯ ಹೆಚ್ಚಿನವರು ಸೀಟಿನ ಕೊಳವೆಯನ್ನು ನಡುವಿನಿಂದ ನಡುವಿಗೆ ಅಳೆಯುತ್ತಿದ್ದರು, ಕೊಲ್ನಾಗೊದವರು ನಡುವಿನಿಂದ ತುದಿಗೆ. ಹಾಗಾಗಿ ಅದೇ 56 ಎಂಬ ಅಂಕಿ ಎರಡು ಸೈಕಲ್ಲುಗಳಲ್ಲಿ ಬೇರೆ ಬೇರೆ ಎತ್ತರ ತೋರಿಸುತ್ತದೆ. ನಿಮ್ಮ ಮೈಗೆ ಹೊಂದದ ಸೈಕಲ್ಲನ್ನು ಅಂದಕ್ಕೆ ಸೋತು ಕೊಂಡರೆ ಅದು ಗೋಡೆಯ ಮೇಲೇ ಉಳಿಯುತ್ತದೆ. ಹಾಗೆ ಗೋಡೆ ಸೇರಿದ ಸೈಕಲ್ಲು ಕಂಡರೆ ನನಗೆ ಕಟ್ಟಿಹಾಕಿದ ಕುದುರೆ ಕಂಡಷ್ಟು ಸಂಕಟವಾಗುತ್ತದೆ.

ಬಿಚ್ಚುವುದು

ಮನೆಗೆ ತಂದ ದಿನವೇ ತುಳಿಯಲು ಕೈಕಾಲು ತುಡಿಯುತ್ತವೆ. ತಡೆದುಕೊಳ್ಳಿ. ಮೊದಲು ಪೂರ್ತಿ ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ ಜೋಡಿಸಬೇಕು. ಪ್ರತಿ ಭಾಗ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ವಾಷರುಗಳ ಕ್ರಮ ಮರೆತರೆ ಮತ್ತೆ ಹೊಂದಿಸುವುದು ಕಷ್ಟ.

ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮು ಅಲ್ಯೂಮಿನಿಯಂ, ಅದು ಇಳಿದಿರುವ ಕೊಳವೆ ಉಕ್ಕು. ಬೆವರು, ಮಳೆ ಒಳಗಿಳಿದು ದಶಕಗಳಲ್ಲಿ ಇವೆರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮೇಲಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ, ಅದರ ತಲೆಗೆ ಮರದ ಸುತ್ತಿಗೆಯಿಂದ ಒಂದು ಏಟು ಕೊಡಿ. ಒಳಗಿನ ಬೆಣೆ ಬಿಟ್ಟುಕೊಂಡ ಮೇಲೂ ಸ್ಟೆಮ್ಮು ಅಲುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮರುದಿನ ನೋಡಿ. ಆಗಲೂ ಆಗದಿದ್ದರೆ ಅದರ ಮರುದಿನ. ನನ್ನದು ಒಂಬತ್ತು ದಿನ ತೆಗೆದುಕೊಂಡಿತು. ಬೆಂಕಿ ತೋರಿಸಬೇಡಿ, ಬಣ್ಣ ಸುಟ್ಟುಹೋಗುತ್ತದೆ. ಹೊರಬಂದ ಮೇಲೆ ತೆಳುವಾಗಿ ಗ್ರೀಸು ಸವರಿಯೇ ವಾಪಸು ಇಳಿಸಿ. ಸೀಟುಗಂಬಕ್ಕೂ ಇದೇ ಮಾತು.

ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಾದ ಫ್ರೀವೀಲಿನ ಕಥೆ ಇನ್ನೂ ಸೂಕ್ಷ್ಮ. ಆ ಕಾಲದ ರೆಜೀನಾ ಕಂಪನಿಯ ಫ್ರೀವೀಲಿಗೆ ಎರಡೇ ಕಚ್ಚುಗಳಿವೆ. ಅದಕ್ಕೆಂದೇ ಮಾಡಿದ ಸಲಕರಣೆಯನ್ನು ಕಚ್ಚುಗಳಲ್ಲಿ ಕೂರಿಸಿ, ಅದು ಜಾರದಂತೆ ಚಕ್ರದ ಅಚ್ಚಿನೊಳಗೆ ಹಾಯುವ ಬಿಗಿಕಡ್ಡಿ, ಅಂದರೆ ಕ್ವಿಕ್ ರಿಲೀಸಿನಿಂದಲೇ ಬಿಗಿ ಹಿಡಿದು, ಸಲಕರಣೆಯನ್ನು ವೈಸಿನಲ್ಲಿ ಕಚ್ಚಿಸಿ, ಇಡೀ ಚಕ್ರವನ್ನು ಬಸ್ಸಿನ ಸ್ಟೀರಿಂಗಿನಂತೆ ಎಡಕ್ಕೆ ತಿರುಗಿಸಬೇಕು. ಟಕ್ಕೆಂದು ಸಡಿಲವಾದ ಕೂಡಲೇ ನಿಲ್ಲಿಸಿ, ಕ್ವಿಕ್ ರಿಲೀಸ್ ಬಿಟ್ಟುಕೊಟ್ಟು ಮುಂದುವರಿಯಿರಿ. ಕಚ್ಚು ಮುರಿದರೆ ಫ್ರೀವೀಲನ್ನು ಒಡೆದೇ ತೆಗೆಯಬೇಕಾಗುತ್ತದೆ.

ಈಗ ಕಾಕಾನ ಕಪ್ಪು. ಇಟಾಲಿಯನ್ ಅಳತೆಯಲ್ಲಿ ಈ ಕಪ್ಪಿನ ವ್ಯಾಸ 36 ಮಿ.ಮೀ., ಅಂಗುಲಕ್ಕೆ 24 ಥ್ರೆಡ್ಡು, ಕಪ್ಪು ಕೂರುವ ಗೂಡಿನ ಅಗಲ 70 ಮಿ.ಮೀ. ಬ್ರಿಟಿಷ್ ಅಳತೆಯಲ್ಲಿ ಗೂಡಿನ ಅಗಲ 68 ಮಿ.ಮೀ. ಇಟಾಲಿಯನ್ ಕಪ್ಪುಗಳೆರಡೂ ಗಡಿಯಾರದ ವಿರುದ್ಧ ದಿಕ್ಕಿಗೆ ಬಿಚ್ಚುತ್ತವೆ. ಇದರಿಂದ ಒಂದು ತೊಂದರೆಯೂ ಇದೆ. ಪೆಡಲ್ ತುಳಿದಂತೆ ಬಲಬದಿಯ ಕಪ್ಪು ತಾನಾಗಿಯೇ ಸಡಿಲಗೊಳ್ಳುವ ಸ್ವಭಾವ ಹೊಂದಿದೆ. ಅದಕ್ಕೆ ಮರುಜೋಡಣೆಯಲ್ಲಿ ಬಲಬದಿಯದನ್ನು ಥ್ರೆಡ್ ಹಿಡಿಯುವ ದ್ರವ ಹಚ್ಚಿ, ಸಿಕ್ಕಷ್ಟು ಉದ್ದದ ಪಾನಾದಿಂದ ಬಿಗಿಯಾಗಿ ಕೂರಿಸಿ. ಎಡಬದಿಯದನ್ನು ಅಚ್ಚು ಅಲುಗದೆ, ಬಿಗಿಯೂ ಆಗದೆ ತಿರುಗುವಷ್ಟಕ್ಕೆ ಹೊಂದಿಸಿ.

ಬೇರಿಂಗಿನ ಗೋಲಿಗಳನ್ನು ಹಳೆಯವೇ ಇರಲಿ ಎನ್ನಬೇಡಿ. ಹೊಸ ಉಕ್ಕಿನ ಗೋಲಿ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಕಪ್ಪಿಗೆ ಮತ್ತು ಹಿಂದಿನ ಹಬ್ಬಿಗೆ ಕಾಲು ಅಂಗುಲದ್ದು. ಕಾಂಪಾನ್ಯೋಲೊ ರೆಕಾರ್ಡ್ ಮುಂದಿನ ಹಬ್ಬಿಗೆ ಮಾತ್ರ 7/32 ಅಂಗುಲದ್ದು ಬೇಕು. ಜಪಾನಿನ ಹಬ್ಬುಗಳ ರೂಢಿಯಲ್ಲಿ 3/16 ಅಂಗುಲದ್ದನ್ನು ಹಾಕಿದರೆ ಚಕ್ರ ತಿರುಗುತ್ತದೆ, ಆದರೆ ಗೋಲಿಗಳು ಉರುಳುವ ಕೋನ್ ಸವೆದುಹೋಗುತ್ತದೆ.

ಸೀಮೆಎಣ್ಣೆ, ಸೀಮೆಸುಣ್ಣ

ಈ ಒಂದು ಕೆಲಸವನ್ನು ದಯವಿಟ್ಟು ಬಿಡಬೇಡಿ. ಆ ಕಾಲದ ಕಾಂಪಾನ್ಯೋಲೊ ಕ್ರ್ಯಾಂಕಿನಲ್ಲಿ ಪೆಡಲಿಗೆ ಹೋಗುವ ತೋಳು ಹಲ್ಲುಚಕ್ರ ಹಿಡಿಯುವ ಕವಲುಗಳಿಗೆ ಸೇರುವ ಮೂಲೆಯಲ್ಲಿ ಬಿರುಕು ಹುಟ್ಟುವುದು ಬಲ್ಲವರೆಲ್ಲ ಬಲ್ಲ ದೋಷ. ಏರಿನಲ್ಲಿ ನಿಂತು ತುಳಿಯುವಾಗ ಅದು ಮುರಿದರೆ ಎದೆ ಹ್ಯಾಂಡಲಿಗೆ ಬಡಿಯುತ್ತದೆ.

ಕ್ರ್ಯಾಂಕನ್ನು ಕಳಚಿ ಜಿಡ್ಡು ತೊಳೆಯಿರಿ. ಮೂಲೆಗಳಿಗೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಒಣಬಟ್ಟೆಯಿಂದ ಪೂರ್ತಿ ಒರೆಸಿ, ಪುಡಿ ಮಾಡಿದ ಸೀಮೆಸುಣ್ಣವನ್ನು ಉದುರಿಸಿ. ಬಿರುಕಿದ್ದರೆ ಅದರೊಳಗೆ ಇಳಿದ ಸೀಮೆಎಣ್ಣೆ ಸುಣ್ಣದ ಮೇಲೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆಯಾಗಿ ಎದ್ದು ಬರುತ್ತದೆ. ಗೆರೆ ಕಂಡ ಕ್ರ್ಯಾಂಕನ್ನು ಎಂದಿಗೂ ತುಳಿಯಬೇಡಿ. ಹ್ಯಾಂಡಲನ್ನು ಸ್ಟೆಮ್ಮು ಕಚ್ಚುವ ಜಾಗಕ್ಕೂ ಇದೇ ಪರೀಕ್ಷೆ ಮಾಡಿ. ಕಾಂಪಾನ್ಯೋಲೊದ ಇನ್ನೊಂದು ಮಾದರಿಯಾದ ಸೂಪರ್ ರೆಕಾರ್ಡಿನ ಟೈಟಾನಿಯಂ ಅಚ್ಚು ನಿಮ್ಮ ಸೈಕಲ್ಲಿನಲ್ಲಿದ್ದರೆ ಅದನ್ನು ಜೋಪಾನವಾಗಿ ಎತ್ತಿಟ್ಟು ಉಕ್ಕಿನ ಅಚ್ಚು ಹಾಕಿಕೊಳ್ಳಿ. ಟೈಟಾನಿಯಂನದು ಮುರಿದ ಉದಾಹರಣೆಗಳು ಇವೆ.

ಬಣ್ಣ ಹಾಕಿಸಬೇಡಿ

ಗೀರು ಬಿದ್ದಿದ್ದರೂ ಮೂಲ ಬಣ್ಣ ಮೂಲ ಬಣ್ಣವೇ. ಹೊಸ ಬಣ್ಣಕ್ಕೆಂದು ಉಜ್ಜಿದಾಗ ಕೊಳವೆಗಳನ್ನು ಸೇರಿಸುವ ತೋಳುಗಳಾದ ಲಗ್ಗುಗಳ ಅಂಚಿನ ಅರದ ಗೆರೆ, ಕೊರೆದ ಪುಟ್ಟ ಹೃದಯದ ಚೂಪು ಎಲ್ಲ ಮೊಂಡಾಗುತ್ತವೆ. ಒದ್ದೆ ಬಟ್ಟೆ, ಮೆದು ಸಾಬೂನು, ಆಮೇಲೆ ಮೇಣ ಸಾಕು. ಅಂಟುಚೀಟಿಯ ಹತ್ತಿರ ಥಿನ್ನರ್ ಸುಳಿಯದಿರಲಿ. ಕ್ರೋಮಿನ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ತಿಕ್ಕಿ, ಹೊಳಪು ಮರಳುತ್ತದೆ.

ತುಕ್ಕಿನ ಭಯ ಹೊರಗಿಗಿಂತ ಒಳಗೇ ಹೆಚ್ಚು. ಈ ಕೊಳವೆಗಳ ನಡುಭಾಗದ ಗೋಡೆ ಒಂದು ಮಿಲಿಮೀಟರಿಗಿಂತಲೂ ತೆಳು. ಚೌಕಟ್ಟು ಬರಿದಾಗಿರುವಾಗಲೇ ಒಳಗೆ ಕುದಿಸಿದ ಅಗಸೆ ಎಣ್ಣೆ ಹುಯ್ದು, ಎಲ್ಲ ದಿಕ್ಕಿಗೂ ಹೊರಳಿಸಿ, ಮಿಕ್ಕಿದ್ದನ್ನು ಬಸಿದು, ವಾರವಿಡೀ ಒಣಗಲು ಬಿಡಿ. ಚೌಕಟ್ಟು ಕಟ್ಟುವವರ ಹಳೆಯ ಪದ್ಧತಿ ಇದು. ಕಾರವಾರ, ಮಂಗಳೂರಿನ ಕಡೆಯವರು ಇದನ್ನು ಮಾಡಲೇಬೇಕು, ಅಲ್ಲಿಯ ಉಪ್ಪುಗಾಳಿ ಯಾವ ಉಕ್ಕನ್ನೂ ಬಿಡುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಅಂಟಿಸುವ ಟೈರು

ಇಂಥ ಸೈಕಲ್ಲಿನ ಮೂಲ ಚಕ್ರಕ್ಕೆ ಟ್ಯೂಬುಲರ್ ಟೈರು ಇರುತ್ತದೆ. ಟ್ಯೂಬನ್ನು ಟೈರಿನೊಳಗೇ ಇಟ್ಟು ಹೊಲಿದಿರುತ್ತಾರೆ, ಇಡೀ ಟೈರನ್ನು ರಿಮ್ಮಿಗೆ ಅಂಟಿಸಬೇಕು. ಹಳೆಯ ಸೈಕಲ್ಲಿನ ಜೊತೆ ಬಂದ ಟೈರು ನೋಡಲು ಗಟ್ಟಿಯಾಗಿದ್ದರೂ ಅಂಟು ಒಣಗಿ ಪುಡಿಯಾಗಿರುತ್ತದೆ. ತಿರುವಿನಲ್ಲಿ ಟೈರು ಕಳಚಿ ಬರುತ್ತದೆ. ಹೊಸದು ಹಾಕುವ ಕ್ರಮ ಹೀಗಿದೆ:

1. ಅಂಟಿಲ್ಲದೆಯೇ ಹೊಸ ಟೈರನ್ನು ರಿಮ್ಮಿಗೆ ಏರಿಸಿ, ಗಾಳಿ ತುಂಬಿ, ಒಂದೆರಡು ದಿನ ಹಿಗ್ಗಲು ಬಿಡಿ.
2. ರಿಮ್ಮಿನ ಮೇಲಿನ ಪುಡಿಯಾದ ಹಳೆಯ ಅಂಟನ್ನು ಕೆರೆದು ತೆಗೆಯಿರಿ.
3. ರಿಮ್ಮಿಗೆ ತೆಳುವಾಗಿ ಒಂದು ಲೇಪ, ಟೈರಿನ ಒಳಪಟ್ಟಿಗೆ ಒಂದು ಲೇಪ. ರಾತ್ರಿಯಿಡೀ ಒಣಗಲಿ.
4. ರಿಮ್ಮಿಗೆ ಇನ್ನೊಂದು ತೆಳು ಲೇಪ ಕೊಟ್ಟು, ಕೈಗೆ ಅಂಟಂಟಾಗಿರುವಾಗ ಕವಾಟದ ಕಡೆಯಿಂದ ಶುರುಮಾಡಿ ಎರಡೂ ಕೈಯಿಂದ ಎಳೆಯುತ್ತ ಟೈರು ಏರಿಸಿ.
5. ಸ್ವಲ್ಪ ಗಾಳಿ ತುಂಬಿ, ಚಕ್ರ ತಿರುಗಿಸಿ ಟೈರು ನೇರವಿದೆಯೇ ನೋಡಿ ಸರಿಪಡಿಸಿ. ಪೂರ್ತಿ ಗಾಳಿ ತುಂಬಿ 24 ಗಂಟೆ ಮುಟ್ಟಬೇಡಿ.

ಪ್ರತಿ ಸವಾರಿಗೆ ಮುನ್ನ ಗಾಳಿ ತೆಗೆದು ಹೆಬ್ಬೆರಳಿನಿಂದ ಟೈರನ್ನು ಪಕ್ಕಕ್ಕೆ ತಳ್ಳಿ ನೋಡಿ, ಅಂಚು ಏಳಬಾರದು. ದಿನನಿತ್ಯ ತುಳಿಯುವವರಿಗೆ ನನ್ನ ಸಲಹೆ ಬೇರೆ. 36 ಕಡ್ಡಿಯ (ಸ್ಪೋಕಿನ), ಸಾಮಾನ್ಯ 700ಸಿ ಅಳತೆಯ ಟೈರು ಹಿಡಿಸುವ ಇನ್ನೊಂದು ಜೊತೆ ಚಕ್ರ ಕಟ್ಟಿಸಿಕೊಳ್ಳಿ. ಎರಡರ ಸುತ್ತಳತೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬ್ರೇಕ್ ಬಹಳ ಹೊಂದಿಸಬೇಕಾಗಿಲ್ಲ. ಪಂಕ್ಚರಾದರೆ ಯಾವ ಊರಿನಲ್ಲೂ ಹಾಕಿಸಬಹುದು. ಹಿಂದಿನ ಫೋರ್ಕಿನ ಸಂದು ಮಾತ್ರ ಮೊದಲು ಅಳೆಯಿರಿ: ಐದು ಗೇರಿನ ಕಾಲದ್ದು 120 ಮಿ.ಮೀ., ಆರು ಗೇರಿನದು 126. ಇವತ್ತಿನ 130ರ ಹಬ್ಬನ್ನು ಒತ್ತಿ ತುರುಕಬೇಡಿ.

ತುಳಿಯುವುದು

ಮೊದಲ ದಿನ ಟ್ರಾಫಿಕ್ ಇಲ್ಲದ ರಸ್ತೆಗೆ ಹೋಗಿ. ಗೇರು ಬದಲಿಸುವ ಕೈಕಡ್ಡಿಗಳು ಓರೆ ಕೊಳವೆಯ ಮೇಲಿವೆ, ಟಿಕ್ ಟಿಕ್ ಎಂಬ ಮೆಟ್ಟಿಲುಗಳಿಲ್ಲ. ಕೈ ಕೆಳಗಿಳಿಸಿ, ಪೆಡಲಿನ ಒತ್ತಡ ಹಗುರ ಮಾಡಿ, ಕಡ್ಡಿಯನ್ನು ಬೇಕಾದ್ದಕ್ಕಿಂತ ಕೂದಲೆಳೆ ಹೆಚ್ಚು ಎಳೆದು, ಚೈನು ಹಾರಿದ ಸದ್ದು ಕೇಳಿದ ಮೇಲೆ ಆ ಹೆಚ್ಚನ್ನು ಹಿಂದಕ್ಕೆ ಕೊಡಿ. ಕರಕರ ಸದ್ದು ನಿಂತರೆ ಸರಿ ಕೂತಿದೆ ಎಂದರ್ಥ. ಈ ಕೆಲಸ ಕಿವಿಯದು. ಹದಿನೈದು ದಿನದಲ್ಲಿ ಕೈ ಕಲಿಯುತ್ತದೆ. ಏರು ಶುರುವಾಗುವ ಮೊದಲೇ ಗೇರು ಇಳಿಸಿ. ಏರಿನ ನಡುವೆ ಭಾರ ಹಾಕುತ್ತ ಬದಲಿಸಿದರೆ ಚೈನು ಬೀಳುತ್ತದೆ.

ಹಲ್ಲಿನ ಲೆಕ್ಕವೂ ತಿಳಿದಿರಲಿ. ಮುಂದೆ 42, ಹಿಂದೆ 21 ಹಲ್ಲು ಇದ್ದರೆ ಒಂದು ತುಳಿತಕ್ಕೆ, ಅಂದರೆ ಪೆಡಲಿನ ಒಂದು ಪೂರ್ತಿ ಸುತ್ತಿಗೆ, ಸುಮಾರು 4.2 ಮೀಟರ್ ಸಾಗಬೇಕು. ತಂಡದಲ್ಲಿ ಓಡುತ್ತಿದ್ದವರ ಮೊಣಕಾಲಿಗೆ ಅದು ಸರಿ. ಆ ಕಾಲದ ಕಾಂಪಾನ್ಯೋಲೊ ಕ್ರ್ಯಾಂಕಿಗೆ 41ಕ್ಕಿಂತ ಸಣ್ಣ ಹಲ್ಲುಚಕ್ರ ಕೂರುವುದಿಲ್ಲ. ಆದ್ದರಿಂದ ಹಿಂದೆ 26 ಹಲ್ಲಿನವರೆಗಿನ ಫ್ರೀವೀಲ್ ಹಾಕಿಕೊಳ್ಳಿ, ತುಳಿತಕ್ಕೆ 3.4 ಮೀಟರಿಗೆ ಇಳಿಯುತ್ತದೆ. ಕೋಮೊ ಸರೋವರದ ದಡದ ಬೆಲ್ಲಾಜಿಯೊದಿಂದ ಗಿಸಾಲ್ಲೊ ಗುಡ್ಡಕ್ಕೆ ಸುಮಾರು 8.5 ಕಿ.ಮೀ. ಏರು. ಕೆಲವು ಕಡೆ ನೂರು ಮೀಟರಿಗೆ 14 ಮೀಟರ್ ಏರುತ್ತದೆ. ನಾನು ಅದನ್ನು ಮೊದಲು 21 ಹಲ್ಲಿನಲ್ಲಿ ಹತ್ತಲು ಹೋಗಿ ಅರ್ಧದಲ್ಲಿ ಇಳಿದೆ, ಮುಂದಿನ ವರ್ಷ 26ರಲ್ಲಿ ತುದಿ ಮುಟ್ಟಿದೆ. ತುದಿಯಲ್ಲಿ ಪುಟ್ಟ ದೇಗುಲ. ಅಲ್ಲಿಯ ಮೇರಿ ಮಾತೆಯನ್ನು 1949ರಲ್ಲಿ ಪೋಪ್ 12ನೇ ಪಯಸ್ ಸೈಕಲ್ ಸವಾರರ ಕಾಯುವ ತಾಯಿ ಎಂದು ಸಾರಿದರು. ಇಟಲಿಯ ಹಳೆಯ ರೇಸ್ ಚಾಂಪಿಯನ್ನರಾದ ಕೊಪ್ಪಿ, ಬಾರ್ತಾಲಿ ತುಳಿದ ಸೈಕಲ್ಲುಗಳು ಅಲ್ಲಿ ಗೋಡೆಯ ಮೇಲಿವೆ. ಆ ಗೋಡೆಗೆ ಮಾತ್ರ ನನ್ನ ತಕರಾರಿಲ್ಲ.

ಬ್ರೇಕಿನಲ್ಲಿ ಇವತ್ತಿನ ಹಿಡಿತ ನಿರೀಕ್ಷಿಸಬೇಡಿ. ಹೊಸ ಕೇಬಲ್ಲು, ಹೊಸ ರಬ್ಬರು ಹಾಕಿ, ಹಳೆಯ ರಬ್ಬರು ಕಲ್ಲಾಗಿರುತ್ತದೆ. ಆದರೂ ಒಂದು ಅಳತೆ ಮುಂಚೆಯೇ ಹಿಡಿಯುವ ಅಭ್ಯಾಸ ಮಾಡಿಕೊಳ್ಳಿ. ಉದ್ದನೆಯ ಇಳಿಜಾರಿನಲ್ಲಿ ಒಂದೇ ಸಮನೆ ಒತ್ತಿದರೆ ರಿಮ್ಮು ಕಾದು ಟೈರಿನ ಅಂಟು ಮೆತ್ತಗಾಗುತ್ತದೆ. ಒತ್ತಿ ಬಿಡಿ, ಒತ್ತಿ ಬಿಡಿ. ಪಾದವನ್ನು ಪೆಡಲಿಗೆ ಬಿಗಿಯುವ ಪಟ್ಟಿಯನ್ನು ಮೊದಲ ತಿಂಗಳು ಸಡಿಲವಾಗಿಯೇ ಇಡಿ. ನಿಲ್ಲುವ ಮುನ್ನ ಬಾಗಿ ಬಕಲನ್ನು ಹೆಬ್ಬೆರಳಿನಿಂದ ತಳ್ಳಿ, ಪಾದವನ್ನು ಹಿಂದಕ್ಕೆ ಎಳೆಯಬೇಕು. ಪಕ್ಕಕ್ಕೆ ಎಳೆದರೆ ಬರುವುದಿಲ್ಲ.

ಯುರೋಪಿನಲ್ಲಿರುವ ಕನ್ನಡಿಗರು ಅಕ್ಟೋಬರಿನಲ್ಲಿ ಟಸ್ಕನಿಯ ಗಯೋಲೆ ಇನ್ ಕಿಯಾಂಟಿಗೆ ಒಮ್ಮೆ ಹೋಗಿ ಬನ್ನಿ. 1997ರಲ್ಲಿ 92 ಜನರಿಂದ ಶುರುವಾದ ಲೆರೋಯಿಕಾ ಸವಾರಿ ಬಿಳಿ ಮಣ್ಣಿನ ರಸ್ತೆಗಳ ಮೇಲೆ ನಡೆಯುತ್ತದೆ. 1987ಕ್ಕಿಂತ ಹಿಂದಿನ ರೇಸ್ ಸೈಕಲ್ಲು, ಓರೆ ಕೊಳವೆಯ ಮೇಲೆ ಗೇರು, ಹ್ಯಾಂಡಲಿನ ಹೊರಗೆ ಹಾದ ಬ್ರೇಕಿನ ಕೇಬಲ್ಲು, ಪಟ್ಟಿಯ ಪೆಡಲು ಇವು ಅಲ್ಲಿಯ ಮುಖ್ಯ ನಿಯಮಗಳು. ಉದ್ದದ ದಾರಿ 209 ಕಿ.ಮೀ., ಗಿಡ್ಡ ದಾರಿಗಳೂ ಇವೆ.

ಬಿಡಿಭಾಗ ಬದಲಿಸಿದಾಗಲೆಲ್ಲ ಹಳೆಯದನ್ನು ಗ್ರೀಸು ಸವರಿ, ಕಾಗದ ಸುತ್ತಿ, ಹೆಸರು ಮತ್ತು ತೆಗೆದ ದಿನಾಂಕ ಬರೆದು ಡಬ್ಬಿಗೆ ಹಾಕಿ. ಕೊನೆಗೆ ಒಂದು ದಪ್ಪ ಕಾಗದ ತೆಗೆದುಕೊಂಡು, ಅಂಗೈ ಅಗಲದ್ದು ಸಾಕು, ಸೈಕಲ್ಲಿನ ಅಳತೆಗಳನ್ನೆಲ್ಲ ಬರೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗಿನ ಚೀಲದಲ್ಲಿಡಿ. ನನ್ನ ಚೀಟಿಯಲ್ಲಿ ಸೀಟುಗಂಬ, ಗೋಲಿ, ಹಬ್ಬಿನ ಅಗಲ ಎಲ್ಲ ಕನ್ನಡದಲ್ಲೂ ಇಟಾಲಿಯನ್ನಿನಲ್ಲೂ ಇವೆ. ಮೊದಲ ಸಾಲನ್ನು ಮಾತ್ರ ಕಾಕಾನ ಕೈಯಿಂದಲೇ ಬರೆಸಿದ್ದೇನೆ: "ಬಲಗಡೆಯ ಕಪ್ಪು ಎಡಕ್ಕೆ ತಿರುಗಿಸಿ ಬಿಚ್ಚಬೇಕು." ಪಕ್ಕದಲ್ಲಿ ಒಂದು ಬಾಣ.